ಸಡಲ ವಾಲ್ವ್

ಕಾರವಾರ ರೋಡಿನ ನಮ್ಮ ಗ್ಯಾರೇಜಿಗೆ
ಮೊದಲನೇದು ಬಂದಾಗ ಅರಳಿ ಸಾಹುಕಾರ ಜವಳೇರು
ಬಾಗಲಾ ತಗದು ಅಂದಿದ್ರು:
"ಜಪಾನಿಂದು, ದಸ್ತಗೀರ. ಕೈ ತೊಳಕೊಂಡು ಮುಟ್ಟು."
ತೊಳಕೊಂಡೆ. ಘಾಸಲೇಟಿಲೆ ಒಮ್ಮೆ, ಸಬಕಾರಲೆ ಒಮ್ಮೆ.
ಚೌಕ ಮಾರಿ, ಡ್ಯಾಶ್‌ಬೋರ್ಡಿಗೆ ಕಟಗಿ, ಒಳಗ ಕ್ಯಾಸೆಟ್ಟು.
ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ
ಇನ್ನೊಂದು ಕಿವಿಗೆ ಹಚ್ಚಿದರ ಸಾಕು,
ಯಾವ ವಾಲ್ವ್ ಸಡಲ ಐತಿ, ಅದ ಹೇಳತಿತ್ತು.

ಎರಡನೇದರ ಅಂಚೆಲ್ಲಾ ನುಣ್ಣಗ, ಹೊಳ್ಯಾನ ಕಲ್ಲಿನಂಗ.
ಅರ್ಧ ಕಪ್ ಚಾ ಬಾನೆಟ್ ಮ್ಯಾಲಿಟ್ಟು ಚಾಲೂ ಮಾಡಿದೆ,
ಕೆನಿ ಸೈತ ಅಳ್ಳಾಡಲಿಲ್ಲ.
ಸಾಹುಕಾರ್ರು ನಕ್ರು.
ಚಾ ಆರಿತ್ತು, ಕುಡದೆ.

ಮೂರನೇದು ಅವರ ಮಗಂದು.
ಬಾನೆಟ್ ಎತ್ತಿದರ ಬರೇ ಕರೇ ಪ್ಲಾಸ್ಟಿಕ್ಕು,
ಸ್ಕ್ರೂಡ್ರೈವರ್ ಎಲ್ಲಿ ಇಡೂದು?
ಅಣ್ಣನ ಮಗಳು ತಸ್ಲೀಮಾ ವಾಯರ್ ಚುಚ್ಚಿ
ಲ್ಯಾಪ್‌ಟಾಪಿನ್ಯಾಗ ಓದಿದಳು:
"ಚಾಚಾ, ಎರಡನೇ ಸಿಲಿಂಡರ್ ಮಿಸ್ ಹೊಡ್ಯಾಕತ್ತೈತಿ."
ನನಗೇನೂ ಕೇಳಸಲಿಲ್ಲ.
ಗಾಡಿ ಮೂಕ ಆತೋ, ನಾ ಕೆಪ್ಪ ಆದೆನೋ.
ನಲವತ್ತು ವರ್ಷ ಗ್ರೈಂಡರ್ ಬಾಜೂಕ ನಿಂತ ಕಿವಿ ಇವು,
ಸಾಕ್ಷಿಗೆ ಬರಾಂಗಿಲ್ಲ.

ಮೊದಲನೇದು ಈಗೂ ಶೆಡ್ಡಿನ ಹಿಂದೈತಿ.
ಟೈರ್ ಮಣ್ಣಿನ್ಯಾಗ ಕುಂತಾವ,
ಹಿಂದಿನ ಸೀಟಿನ ಮ್ಯಾಲ ಕ್ವಾಳಿ ತತ್ತಿ ಇಡತೈತಿ.
ಶುಕ್ರವಾರ ನಮಾಜಿಗೆ ಹೋಗೂ ಮೊದಲ
ಕ್ವಾಳಿ ಎಬಿಸಿ ಚಾವಿ ತಿರುವತೀನಿ.
ಕೆಮ್ಮತೈತಿ, ಕೆಮ್ಮತೈತಿ, ಹತ್ತತೈತಿ.
ಟಕ್ ಟಕ್ ಟಕ್,
ನಾಲ್ಕನೇ ವಾಲ್ವ್ ಇನ್ನೂ ಸಡಲ.
ಬಿಗಿ ಮಾಡಾಕ ಪಾನಾ ತಗೋತೀನಿ,
ಮತ್ತ ಇಟ್ಟು ಬಿಡತೀನಿ.