ಎರಡು ಬೆರಳು ಸಂದು

ಮೊದಲಿನ ಕಟ್ಟೆ ನನ್ನ ಗಂಡ ಕಟ್ಟಿದ್ದು, ಒಂದೇ ಐತವಾರದಾಗ.
ನಾಕು ಬುಟ್ಟಿ ಕಲ್ಲು, ಎರಡು ಚೀಲ ಸಿಮೆಂಟು,
ಮ್ಯಾಲ ಅಂಗೈಲೆ ಸವರಿದ ಗಿಲಾವು.
ಯುಗಾದಿಗೆ ಚಂದಿತ್ತು.
ಕಾರಹುಣ್ಣಿಮಿಗೆ ಮೂಗು ಮುರೀತು.
ದೀವಳಿಗಿಗೆ ಮನಿ ಗ್ವಾಡಿಯ ಗಿಲಾವನ್ನೂ ಕಿತ್ತಗೊಂಡು
ಅಂಗಳಕ್ಕ ಬೋರಲ ಬಿತ್ತು.

ಎರಿ ನೆಲದ ಗುಣನ ಹಂಗ.
ಹನಿ ಬಿದ್ದರ ಉಬ್ಬತೈತಿ, ಬಿಸಿಲಿಗೆ ಬಿರಿತೈತಿ,
ಅದರ ಮ್ಯಾಲ ಸರಕಾರ ತುಂಬಿಸಿದ ಮಣ್ಣು ಬ್ಯಾರೆ.
ಹಿನ್ನೀರಿಗೆ ಮುಳುಗಿದ ಮೂರು ಊರಿನವರನ್ನ
ಬೀಳಗಿ ಹಾದಿಗೆ ತಂದು ಸಾಲಾಗಿ ಕುಂದ್ರಿಸಿದ ಜಾಗ ಇದು.
ಇಪ್ಪತ್ತು ವರ್ಷಾತು, ಇನ್ನೂ ಕುಂತಿಲ್ಲ.
ಮಣ್ಣಿನ ಮಾತು ಹೇಳಾಕತ್ತೀನಿ.

ನನಗ ಕಟ್ಟೆ ಬೇಕಾಗಿತ್ತು. ರೊಟ್ಟಿ ಒಯ್ಯಾಕ ಬಂದವರು
ಎಷ್ಟಂತ ನಿಂತಾರು ಬಿಸಿಲಾಗ?

ಗೌಂಡಿ ಲಾಡಸಾಬ ಬಂದ, ಸೈಕಲ್ಲಿಗೆ ದಿಮ್ಮಸು ಕಟಗೊಂಡು.
ಹಿಮ್ಮಡ ಊರಿ ಒಂದು ಸುತ್ತು ತಿರುಗಿದ,
ಕುಣಿ ಬಿತ್ತು.
"ನೀಲಗಂಗವ್ವಾ, ಇಲ್ಲಿ ಕಟ್ಟೂದು ಸ್ವಲ್ಪ,
ತಗಿಯೂದ ಬಾಳ ಐತಿ" ಅಂದ.

ತಗದ, ಸೊಂಟದ ಮಟ.
ಕರಿ ಎರಿ, ಯಾರದೋ ಬಳಿಚೂರು, ಗುಟಕಾ ಚೀಟಿ,
ಗಾಲಿ ಇಲ್ಲದ ಒಂದು ಆಟಗಿ ಲಾರಿ.
ಮೂರನೇ ದಿನ ಸಲಿಕಿಗೆ ಬಿಳಿ ಗರಸು ಹತ್ತಿ
ಠಣ್ ಅಂತು. ಬಾವಿಗೆ ನೀರು ಬಂದಂಗ
ಅರಳಿತು ಅವನ ಮಾರಿ.

ಆಮ್ಯಾಲ ಅರ್ಧ ಗೇಣು ಗರಸು, ಒಂದು ಕೊಡ ನೀರು,
ದಿಮ್ಮಸಿನ ಧಬ್, ಧಬ್.
ಮತ್ತ ಅರ್ಧ ಗೇಣು.
ಒಳಗ ರೊಟ್ಟಿ ಬಡಿಯೂ ನನ್ನ ಕೈ
ಗೊತ್ತಿಲ್ಲದಂಗ ಅವನ ಲೆಕ್ಕಕ್ಕ ಬಿದ್ದಿತ್ತು.
"ಇನ್ನೂ ಎಷ್ಟೋ ಯಪ್ಪಾ?"
"ದನಿ ಬದಲಾಗೂತನ."
ಬದಲಾತು, ಏಳನೇ ಪದರಕ್ಕ:
ಹಸಿ ಕುಂಬಳಕಾಯಿ ದನಿ ಹೋಗಿ ಒಲಿಗುಂಡಿನ ದನಿ.

ಬಾದಾಮಿ ಕೆಂಪು ಫರಸಿ ಹಾಸಿದ.
ರಸಮಟ್ಟದ ಗುಳ್ಳಿ ನಟ್ಟನಡುವ ನಿಂತಿತು, ಬಿಡಲಿಲ್ಲ ಅವ,
ಅಂಗಳದ ಕಡೆ ಒಂದು ಬೆರಳು ಇಳಿಸಿದ, ನೀರಿನ ವಾಟಕ್ಕ.

ಕಡೀಕ ನೋಡತೀನಿ, ಗ್ವಾಡಿಗೂ ಕಟ್ಟೆಗೂ ನಡುವ
ಎರಡು ಬೆರಳು ಸಂದು.
"ಮರತಿ ಏನ?"
"ಮರತಿಲ್ಲ, ಬಿಟ್ಟೀನಿ.
ಮನಿಗೆ ಮನಿ ಪಾಯ, ಇದಕ್ಕ ಇದರ ಪಾಯ.
ಕೂಡಿಸಿದರ, ಒಂದು ಅಲುಗಿದಾಗ ಇನ್ನೊಂದರ ತೊಗಲು ಸುಲೀತೈತಿ.
ಹಿಂದಿನ ಸಲ ಕಂಡೀರಲ್ಲ."

"ಕಟ್ಟೆ ಅಂದರ ಮನಿಗೆ ಹತ್ತಿರಬೇಕು,
ಇದೇನು ಸಿಟ್ಟಿಗೆದ್ದ ಬೀಗರಂಗ?" ನನ್ನ ಗಂಡ ಗೊಣಗಿದ.
ಒಂದು ರಾತ್ರಿ ಸಂದು ಮುಚ್ಚಾಕ ಸಿಮೆಂಟೂ ಕಲಿಸಿದ್ದ.
ಕರಣಿ ಸಿಗಲಿಲ್ಲ.
ಜ್ವಾಳದ ಹಿಟ್ಟಿನ ಡಬ್ಬ್ಯಾಗ ಇತ್ತು ಅದು, ನಾನ ಇಟ್ಟಿದ್ದೆ.

ಏಳು ಮಳಿಗಾಲ ಆದವು.
ಬ್ಯಾಸಗಿಗೆ ಮೂರು ಬೆರಳಾಗತೈತಿ ಸಂದು, ಹಸ್ತದ ಮಳಿಗೆ ಒಂದು.
ಕಟ್ಟೆ ಬಿರಿದಿಲ್ಲ.
ಅದರೊಳಗ ಈಗ ನನ್ನದೊಂದು ದಬ್ಬಣ, ಹುಡುಗರ ಗೋಲಿ, ಇರಿವಿ ಸಾಲು,
ಕಂದಗಲ್ಲ ಮಾಸ್ತರರ ಐದು ರೂಪಾಯಿ. ಇನ್ನೂ ಕೇಳತಾರ.

ಮೂರು ಊರಿನವರೂ ಬಂದು ಕುಂದ್ರತಾರ,
ಮುಳುಗಿದ ಹಣಮಪ್ಪನ ಗುಡಿ ತಮ್ಮದ ದೊಡ್ಡದಿತ್ತಂತ
ಜಗಳ ತಗೀತಾರ, ಒಂದ ಫರಸಿ ಮ್ಯಾಲ.

ಅವರೆಲ್ಲ ಎದ್ದ ಮ್ಯಾಲ, ಕತ್ತಲಾಗ,
ಯಾರೂ ನೋಡಾಕತ್ತಿಲ್ಲಂತ ತಿಳಕೊಂಡು
ನನ್ನ ಗಂಡ ಬೊಗ್ಗಿ ಸಂದಿನ್ಯಾಗ ಬೆರಳಿಟ್ಟು ಅಳೀತಾನ.
"ಎರಡು" ಅಂತಾನ ತನಗ ತಾನ.
"ಎರಡ ಐತಿ."