ಷರಾ

ಹತ್ತಿಕುಣಿ ಕೆರೆಯ ದಂಡೆಗೆ ಇನ್ನೂರು ರೋಹು ಮರಿ ತಂದೆವು.
ನೂರಕ್ಕೆ ಹಳದಿ ಚೀಟಿ, ನೂರಕ್ಕೆ ಏನೂ ಇಲ್ಲ.
ಲವಂಗದ ಎಣ್ಣೆ ಕಲಸಿದ ನೀರಲ್ಲಿ
ಒಂದೊಂದೇ ಹೊಟ್ಟೆ ಮೇಲಾದವು;
ನನ್ನ ಕೈಗೆ ಹಲ್ಲುಬೇನೆಯ ಅಜ್ಜಿಯ ವಾಸನೆ.
ಬೆನ್ನುರೆಕ್ಕೆಯ ಬುಡದಲ್ಲಿ ಸೂಜಿ ಹೋಯಿತು,
ಒಂದು ಹುರುಪೆ ಎದ್ದು ಹೆಬ್ಬೆರಳಿಗೆ ಅಂಟಿತು.

ಸಾಯಬಣ್ಣ ಬಲೆ ಮಡಚುತ್ತ ಕೇಳಿದ:
"ಮೇಡಮ್, ಕಿವಿ ಚುಚ್ಚಿದ ಕೂಸು ಮೂರು ದಿನ ಅಳ್ತದ.
ಇದು ಯಾರ ಮುಂದ ಅಳಬೇಕ್ರೀ?"
ನಾನು ಸೂಜಿಯನ್ನು ಸ್ಪಿರಿಟ್ಟಿಗೆ ಅದ್ದಿದೆ.

ನಾಲ್ಕು ತಿಂಗಳು.
ತಕ್ಕಡಿ, ಅಳತೆಪಟ್ಟಿ, ಒದ್ದೆಯಾಗಿ ಉಬ್ಬಿದ ರಿಜಿಸ್ಟರು.
ಶೇಂಗಾ ಹಿಂಡಿ ಎರಚಿದಾಗ
ಚೀಟಿಯವು ಒಂದು ಗುಕ್ಕು ತಡವಾಗಿ ಬಂದವು.
ಪಾಚಿ ಬೆಳೆದು ಮೂವತ್ತೊಂದು ಮೂವತ್ತೇಳಾಗಿತ್ತು,
ಉಗುರಿಂದ ಕೆರೆದೆ:
ಅಂಕಿಯ ಕೆಳಗೆ ಕೆಂಪು ಬಾಯಿ,
ಬಾಯಿಯ ಸುತ್ತ ಬಿಳಿ ಎಳೆ.
"ಹತ್ತಿ ಬಿಟ್ಟದ ನೋಡ್ರಿ," ಅಂದ ಸಾಯಬಣ್ಣ, ನಗಲಿಲ್ಲ,
"ಕೆರಿ ಹೆಸರು ಉಳಸ್ತು."

ಚೀಟಿ ಇಲ್ಲದವು ನೂರಾ ಎಂಬತ್ತು ಗ್ರಾಂ.
ಇದ್ದವು ನೂರಾ ನಲವತ್ತು, ನೂರಾ ಮೂವತ್ತೆಂಟು.
ಜೋಳದ ಕಾಳಷ್ಟೂ ಭಾರವಿಲ್ಲ ಈ ಪ್ಲಾಸ್ಟಿಕ್ಕು
ಅಂತ ತರಬೇತಿಯಲ್ಲಿ ಹೇಳಿದ್ದರು.
ಕಾಳು ಕಣ್ಣಲ್ಲಿ ಬಿದ್ದರೆ ಎಷ್ಟು ಭಾರ
ಅಂತ ಅಲ್ಲಿ ಯಾರೂ ಕೇಳಿರಲಿಲ್ಲ,
ನಾನೂ ಕೇಳಿರಲಿಲ್ಲ, ಊಟದ ಹೊತ್ತಾಗಿತ್ತು.

ಬಲೆಗೂಡಿನ ಕಣ್ಣಿಗೆ ಚೀಟಿ ಸಿಕ್ಕಿ
ರಾತ್ರಿಯಿಡೀ ಜಗ್ಗಿದ ಅರವತ್ತೆರಡರ ಬೆನ್ನು
ಹರಿದ ಜೇಬಿನಂತಿತ್ತು.
ಷರಾ ಎಂಬ ಕಾಲಮ್ಮಿಗೆ ಅರ್ಧ ಬೆರಳು ಜಾಗ.
ಬರೆದೆ: ಸಾಧಾರಣ ಗಾಯ.

ಕೊನೆಗೆ ಬಂತೊಂದು,
ಬುಟ್ಟಿಯ ಅಂಚಿಗೆ ಬಾಲ ಬಡಿದು
ನನ್ನ ಕನ್ನಡಕಕ್ಕೆ ಕೆಸರು ಸಿಡಿಸಿ.
ಇನ್ನೂರಾ ಹತ್ತು ಗ್ರಾಂ!
ಬೆನ್ನ ಮೇಲೆ ಚೀಟಿ ಕಿತ್ತುಹೋದ ಕಲೆ,
ಕಲೆಯ ಮೇಲೆ ಹೊಸ ಹುರುಪೆ
ಸಾಲು ತಪ್ಪಿ, ಓರೆಯಾಗಿ ಕೂತಿತ್ತು.
ಯಾವ ನೂರಕ್ಕೆ ಹಾಕಲಿ ಇದನ್ನು?
ಚುಚ್ಚದವುಗಳ ಜೊತೆ ಸೇರಿಸುವಂತಿಲ್ಲ,
ಚುಚ್ಚಿದವುಗಳಲ್ಲಿ ಇದಕ್ಕೆ ನಂಬರಿಲ್ಲ.

ಯಾದಗಿರಿಗೆ ಫೋನ್ ಮಾಡಿದೆ.
ಸಾಹೇಬರು ಯಾವುದೋ ಮೀಟಿಂಗಿನ ಗದ್ದಲದಿಂದ ಅಂದರು:
ಅದನ್ನ ಬಿಟ್ಟುಬಿಡಿ.

ಲೆಕ್ಕದಿಂದಲೋ, ಕೆರೆಗೋ,
ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು.
ತಿರುಗಿ ನೋಡಿದರೆ
ಸಾಯಬಣ್ಣ ಆಗಲೇ ಗೂಡಿನ ಆಚೆಗೆ
ಬುಟ್ಟಿ ಓರೆ ಮಾಡಿದ್ದ.