ಲೆಕ್ಕದಲ್ಲಿಲ್ಲದ ಹಸಿರು

ಪಾಷಾಣ್ ಗುಡ್ಡದ ಬೆನ್ನಿಗೆ ನಮ್ಮ ಶೆಡ್ಡು.
ರಾತ್ರಿ ಹನ್ನೊಂದಕ್ಕೆ ವಿದ್ಯುತ್ ಕಚೇರಿಗೆ ಫೋನು:
ಈಗ ಎಳೆಯೋಣವೇ?
ಎಳೀರಿ, ಅನ್ನುತ್ತಾನೆ ಆಚೆ ನಿದ್ದೆಗಣ್ಣಿನವ,
ಬಾವಿಯ ಹಗ್ಗ ಬಿಟ್ಟುಕೊಟ್ಟ ಹಾಗೆ.

ಪಂಪುಗಳು ನಲವತ್ತು ನಿಮಿಷ ಹೀರುತ್ತವೆ.
ಅರವತ್ತು ಕಿಲೋಮೀಟರು ಮೇಲಿನ ಆಕಾಶವನ್ನು
ಕೊಳವೆಯೊಳಗೆ ಮಾಡಿಟ್ಟು, ಬಾಗಿಲಿಗೆ ಎಂಟು ಬೋಲ್ಟು ಬಿಗಿದು
ನಾವು ಚಹಾ ಕುಡಿಯುತ್ತೇವೆ.

ಆಮೇಲೆ ಬರೀ ಮೂವತ್ತು ಸೆಕೆಂಡು.
ಎರಡು ತಾಮ್ರದ ಕೊಳವೆಗಳ ನಡುವೆ
ಮಿಂಚನ್ನು ಹಿಡಿದು ನಿಲ್ಲಿಸಿ
ಅದರ ಮೈಮೇಲೆ ಗಾಳಿ ಹಾಯಿಸಿದರೆ
ಗಾಳಿ ಗಾಳಿಯಾಗಿ ಉಳಿಯುವುದಿಲ್ಲ;
ಜೋಡಿ ಬಿಡುತ್ತದೆ, ಸಿಪ್ಪೆ ಬಿಡುತ್ತದೆ,
ಶಬ್ದಕ್ಕಿಂತ ನಾಲ್ಕು ಪಟ್ಟು ಅವಸರದಲ್ಲಿ
ಬೆರಳುದ್ದದ ಗ್ರಾಫೈಟಿನ ಮುಖಕ್ಕೆ ಅಪ್ಪಳಿಸುತ್ತದೆ.
ಮೇಲಿಂದ ಮರಳುವ ಯಾವುದೋ ನೌಕೆ
ಮುಂದೊಂದು ದಿನ ಪಡಬೇಕಾದ ಪಾಡು,
ಈ ತುಂಡು ಇವತ್ತೇ ಪಟ್ಟು ಮುಗಿಸುತ್ತದೆ.

ಇದರ ಜ್ವರ ನೋಡುವುದು ಹೇಗೆ?
ಕಡ್ಡಿ ಇಟ್ಟರೆ ಕಡ್ಡಿ ಇರುವುದಿಲ್ಲ.
ಸೊಲ್ಲಾಪುರದಲ್ಲಿ ನಮ್ಮವ್ವ ಒದ್ದೆ ಬೆರಳು ಚಿಮುಕಿಸಿ
ಚುಂಯ್ ಎಷ್ಟು ಉದ್ದ ಅನ್ನುವುದರಲ್ಲೇ
ಹಂಚಿನ ಮನಸ್ಸು ತಿಳಿಯುತ್ತಿದ್ದಳು.
ನಮ್ಮದೂ ಅದೇ ವಿದ್ಯೆ: ತಾಮ್ರದ ಗುಂಡಿಯೊಂದನ್ನು
ಅರ್ಧ ಸೆಕೆಂಡು ಒಡ್ಡಿ, ಎಳೆದುಕೊಂಡು,
ಕಾದ ಪರಿಯಿಂದ ಕಾಯಿಸಿದವನನ್ನು ಊಹಿಸುವುದು.

ನನ್ನ ಕೆಲಸ ಕಂಪ್ಯೂಟರಿನದು.
ಇಪ್ಪತ್ತು ಲಕ್ಷ ಕಣ್ಣಿನ ಬಲೆ ನೆಯ್ದು
ಒಂದೊಂದು ಕಣ್ಣಿಗೂ ಎರಡು ಉಷ್ಣತೆ ಬರೆದೆ,
ಎಲೆಕ್ಟ್ರಾನಿಗೊಂದು, ಅಣುವಿಗೊಂದು;
ಸ್ವಾರಗೇಟಿನ ಬಸ್ಸಿನಲ್ಲಿ ಮೈಗೆ ಮೈ ತಾಗಿ ನಿಂತರೂ
ಕಿಟಕಿಯವನ ಸೆಕೆ ಬೇರೆ, ನಡುವಿನವನದು ಬೇರೆ.
ಹನ್ನೊಂದು ದಿನ ಓಡಿ ಉತ್ತರ ಬಂತು.
ಒತ್ತಡ ಕೂಡಿತು. ಕಾವು ಕೂಡಿತು.
ಎಲೆಕ್ಟ್ರಾನು ಮಾತ್ರ, ಅಳೆದದ್ದು
ಬರೆದದ್ದರ ಮೂರು ಪಟ್ಟು.

ಪ್ರೋಬು ಕೊಳೆಯಾಗಿದೆ, ಅಂದೆ.
ನಿಜಾಂಪುರಕರ್ ಒರೆಸಿದರು. ಮೂರು ಪಟ್ಟು.
ತಂತಿ ಸಡಿಲವಿದೆ, ಅಂದೆ.
ಬಿಗಿದರು. ಮೂರು ಪಟ್ಟು.
ನಿವೃತ್ತಿಗೆ ಎರಡು ತಿಂಗಳಿದ್ದ ಮನುಷ್ಯ,
ಕಪ್ಪು ಗಾಜಿಗೆ ಹಣೆ ಹಚ್ಚಿ ಒಂದು ರಾತ್ರಿ ಮೆಲ್ಲಗೆ,
ತಾಂಬಂ ಜಳ್ತಂಯ್, ಅಂದರು.
ತಾಮ್ರ ಉರಿಯುತ್ತಿದೆ.

ನನಗೆ ಕಂಡದ್ದು ನೇರಳೆಗೆ ತಿರುಗಿದ ಬಿಳಿ, ಅಷ್ಟೇ.
ಅವರಿಗೆ ಅದರ ಅಂಚಿನಲ್ಲೊಂದು ಹಸಿರು.
ಕಸಬಾ ಪೇಠೆಯ ತಾಂಬಟ ಓಣಿ ಅವರದು;
ಅಪ್ಪ ಬಂಬ ಬಡಿಯುತ್ತಿದ್ದ, ಸ್ನಾನದ ನೀರು ಕಾಯುವ ಬಂಬ.
ಕುಲುಮೆ ಹಸಿರು ಕಣ್ಣು ಬಿಟ್ಟರೆ ತಿದಿಯೊತ್ತುವ ಹುಡುಗನ ಬೆನ್ನಿಗೆ ಗುದ್ದು:
ಬೆಂಕಿ ಪಾತ್ರೆ ತಿನ್ನುತ್ತಿದೆ, ಕಾಣುವುದಿಲ್ಲವೇನೋ?

ನಾನು ವರ್ಣಮಾಪಕವನ್ನು
ಆಮ್ಲಜನಕದ ಕೆಂಪಿಗೆ ತಿರುಗಿಸಿ ಕೂತಿದ್ದೆ,
ಪರಿಚಯದವರ ಮನೆ ಬಾಗಿಲಿಗೆ ಕೂತಂತೆ.
ಈಚೆ ತಿರುಗಿಸಿದೆ.
ಐನೂರ ಹತ್ತು. ಐನೂರ ಹದಿನೈದು. ಐನೂರ ಇಪ್ಪತ್ತೊಂದು.
ಮೂರು ಹಸಿರು ಗೆರೆ, ಎದ್ದು ನಿಂತಿದ್ದವು.

ಮಿಂಚು ಹಿಡಿದ ಕೈಯೇ ಕರಗಿ
ಗಾಳಿಯ ಜೊತೆ ಹೊರಟಿತ್ತು.
ಸಾರಜನಕ ಜಿಪುಣ; ತಾಮ್ರ ಹಾಗಲ್ಲ,
ಕೇಳುವ ಮೊದಲೇ ಎಲೆಕ್ಟ್ರಾನು ಬಿಚ್ಚಿ ಕೊಡುತ್ತದೆ.
‘ಶುದ್ಧ ಗಾಳಿ’ ಎಂದು ನಾನೇ ಟೈಪು ಮಾಡಿದ್ದೆ,
ಮೊದಲ ಸಾಲಿನಲ್ಲಿ.

ಚಿಟಿಕೆ ತಾಮ್ರ ಸೇರಿಸಿ ಮತ್ತೆ ಓಡಿಸಿದೆ.
ಹತ್ತಿರ ಬಂತು. ಪೂರ್ತಿ ಕೂಡಲಿಲ್ಲ.
ಚಿಟಿಕೆ ಅಂದರೆ ಎಷ್ಟು ಚಿಟಿಕೆ?
ಅಷ್ಟರಲ್ಲಿ ಅವರಿಗೆ ಶಾಲು, ತೆಂಗಿನಕಾಯಿ ಆಗಿಹೋಗಿತ್ತು.

ಭಾನುವಾರ ಓಣಿಗೆ ಹೋದೆ.
ಸುತ್ತಿಗೆಗಳ ನಡುವೆ ಮಾತು ಕೇಳದೆ
ಬಾಯಿಗೆ ಕಿವಿ ಹಚ್ಚಿ ಎಲ್ಲ ಕೇಳಿಸಿಕೊಂಡರು.
ಎದುರು ಅಣ್ಣನ ಮಗ, ಬಡಿದ ಹಂಡೆಯನ್ನು
ತಕ್ಕಡಿಗೆ ಏರಿಸುತ್ತಿದ್ದ.
ಅದರತ್ತ ಗದ್ದ ಎತ್ತಿ ಕೇಳಿದರು:
ಕೊಳವೆ ತೂಗಿದಿರಾ?
ಉರಿಸುವ ಮೊದಲೊಮ್ಮೆ, ಉರಿಸಿದ ಮೇಲೊಮ್ಮೆ?

ಯಾರೂ ತೂಗಿರಲಿಲ್ಲ.